ಮುದ್ದೆ ನುಂಗುವ ನಾಡಿನಲ್ಲಿ ನಿಧಾನದ ಊಟ

ಕನ್ನಡ ನಾಡಿನಲ್ಲಿ ಅತ್ಯಂತ ಹೆಸರಾದ ಮಧ್ಯಾಹ್ನದ ಊಟ ನಡೆದದ್ದು ಚಿತ್ರದುರ್ಗದ ಕೋಟೆಯೊಳಗೆ. ಉಣ್ಣುತ್ತಿದ್ದವನು ಕಾವಲಿನ ಕಹಳೆ ಮುದ್ದಹನುಮ. ಬಡಿಸಿದವಳು ಅವನ ಹೆಂಡತಿ ಓಬವ್ವ. ನೀರು ತರಲೆಂದು ತಣ್ಣೀರು ದೋಣಿಯ ಕಡೆ ಹೋದವಳಿಗೆ ಬಂಡೆಗಳ ನಡುವಿನ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುವುದು ಕಂಡಿತು. ಮುಂದಿನದು ಶಾಲೆಯ ಮಕ್ಕಳಿಗೂ ಗೊತ್ತು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಒನಕೆ ಎತ್ತಿದ ಮೇಲಂತೂ ಆ ದೃಶ್ಯ ನಾಡಿನ ಕಣ್ಣಿಗೆ ಅಂಟಿಕೊಂಡುಬಿಟ್ಟಿದೆ. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. ನವೆಂಬರ್ 11ರಂದು ಸರ್ಕಾರವೇ ಜಯಂತಿ ಆಚರಿಸುತ್ತದೆ.

ಎಲ್ಲರೂ ಒನಕೆಯನ್ನು ನೆನೆಯುತ್ತಾರೆ, ಊಟವನ್ನು ಮರೆಯುತ್ತಾರೆ. ಐತಿಹ್ಯದ ತಿರುವು ಇರುವುದೇ ಅಲ್ಲಿ. ಓಬವ್ವ ಗಂಡನನ್ನು ಕೂಗಲಿಲ್ಲ. ಉಣ್ಣುತ್ತ ಕೂತವನನ್ನು ನಡುವೆ ಎಬ್ಬಿಸಬಾರದೆಂದು ತಾನೇ ಒನಕೆ ಹಿಡಿದು ಕಿಂಡಿಯ ಬಳಿ ನಿಂತಳು. ಶತ್ರು ಬಾಗಿಲಿಗೆ ಬಂದಾಗಲೂ ತುತ್ತಿಗೆ ಅಡ್ಡಿಯಾಗಬಾರದು ಎಂಬ ನಂಬಿಕೆ ಈ ಸೀಮೆಯಲ್ಲಿ ಎಷ್ಟು ಆಳವಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇಂದು ಅದೇ ದುರ್ಗದಲ್ಲಿ ತುತ್ತಿಗೆ ಅಡ್ಡ ಬರಲು ಸೈನ್ಯವೇ ಬೇಕಾಗಿಲ್ಲ. ಒಂದು ಮಿಸ್ಡ್ ಕಾಲ್ ಸಾಕು.

‘ಮೈಂಡ್‌ಫುಲ್ ಈಟಿಂಗ್’ ಎಂಬ ಮಾತು ಈಗ ಡಯಟೀಷಿಯನ್ನರ ಕೋಣೆಯಿಂದ ಹಿಡಿದು ಯೋಗ ಶಿಬಿರದವರೆಗೆ ಕೇಳಿಸುತ್ತಿದೆ. ಕೆಲವರು ‘ಎಚ್ಚರದ ಊಟ’ ಎನ್ನುತ್ತಾರೆ, ಕೆಲವರು ‘ಗಮನವಿಟ್ಟು ಉಣ್ಣುವುದು’ ಎನ್ನುತ್ತಾರೆ. ಮನೆಯ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: ‘ಊಟದ ಮ್ಯಾಲೆ ಗ್ಯಾನ ಇರ್ಲಿ.’ ಮೂರೂ ಒಂದೇ ಮಾತೇ? ಬಹುಪಾಲು ಹೌದು. ಆದರೆ ಹೊರಗಿನಿಂದ ಬಂದ ಸಲಹೆಯನ್ನು ಹಾಗೆಯೇ ತಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಟ್ಟೆಯ ಮುಂದೆ ಇಟ್ಟರೆ ಕೆಲವು ಕಡೆ ಅದು ಮುದ್ದೆಯಂತೆ ಸಲೀಸಾಗಿ ಇಳಿಯುತ್ತದೆ, ಕೆಲವು ಕಡೆ ಗಂಟಲಲ್ಲೇ ನಿಲ್ಲುತ್ತದೆ.

ಮೊದಲು ಈ ಸಲಹೆಯ ಮೂಲ ನೋಡಬೇಕು. ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ ಎಂಬ ವ್ಯಾಪಾರಿಯೊಬ್ಬನಿದ್ದ. ಬಾಯಿಗಿಟ್ಟದ್ದು ನೀರಾಗುವವರೆಗೆ ಅಗಿಯಬೇಕೆಂದು ಊರೂರು ಸಾರಿ, ‘ಮಹಾ ಅಗಿಯುವವ’ ಎಂಬ ಬಿರುದನ್ನೇ ಗಳಿಸಿದ. ಅವನು ತೀರಿಕೊಂಡದ್ದು 1919ರಲ್ಲಿ. ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕೆಂಬ ಲೆಕ್ಕವನ್ನು ಬ್ರಿಟನ್ನಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಹೆಸರಿಗೆ ಕಟ್ಟುವುದುಂಟು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ ಒತ್ತಡ ಇಳಿಸುವ ತರಬೇತಿ ಶುರುಮಾಡಿದರು. ಅದರ ಹೆಸರಾಂತ ಪಾಠವೆಂದರೆ ಒಣದ್ರಾಕ್ಷಿಯದು: ಒಂದೇ ಒಂದು ದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡಿ, ಮೂಸಿ, ನಾಲಿಗೆಯ ಮೇಲೆ ಹೊರಳಾಡಿಸಿ, ಆಮೇಲೆ ಮೆಲ್ಲಗೆ ಅಗಿಯುವುದು. ಇಟಲಿಯಲ್ಲಿ ಜಗಳ ಬೇರೆ ಬಗೆಯದು. 1986ರಲ್ಲಿ ರೋಮಿನ ಹಳೆಯ ಚೌಕವೊಂದರಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಾಗ ಕಾರ್ಲೊ ಪೆಟ್ರೀನಿ ಮತ್ತು ಗೆಳೆಯರು ಪ್ರತಿಭಟಿಸಿದರು. 1989ರಲ್ಲಿ ಅದು ‘ಸ್ಲೋ ಫುಡ್’ ಚಳವಳಿಯಾಗಿ ಪ್ಯಾರಿಸ್ಸಿನಲ್ಲಿ ಪ್ರಣಾಳಿಕೆ ಹೊರಡಿಸಿತು.

ನಮ್ಮಲ್ಲಿ ಇದು ಎಂದೂ ಚಳವಳಿಯಾಗಲಿಲ್ಲ, ಯಾಕೆಂದರೆ ಮೊದಲೇ ಶಾಸ್ತ್ರವಾಗಿತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಉಣ್ಣುವ ವಿಧಿಗಳ ಪಟ್ಟಿಯೇ ಇದೆ: ಬಿಸಿಯಾದುದನ್ನು ಉಣ್ಣಬೇಕು, ಅಳತೆಯರಿತು ಉಣ್ಣಬೇಕು, ಹರಟದೆ ನಗದೆ ಮನಸ್ಸಿಟ್ಟು ಉಣ್ಣಬೇಕು, ಅತಿ ಬೇಗ ಉಣ್ಣಬಾರದು. ಇದರ ಜೊತೆಗೇ ಇನ್ನೊಂದು ಮಾತಿದೆ, ಇಂದಿನ ನಿಧಾನವಾದಿಗಳು ಅದನ್ನು ಹೇಳುವುದಿಲ್ಲ: ಅತಿ ನಿಧಾನವಾಗಿಯೂ ಉಣ್ಣಬಾರದು. ಆರಿಹೋದ ಅನ್ನವನ್ನು ಕೆದಕುತ್ತ ಕೂತವನಿಗೆ ತೃಪ್ತಿಯೂ ಆಗದು, ಜೀರ್ಣವೂ ಆಗದು ಎಂಬುದು ಚರಕನ ತರ್ಕ. ಮುದ್ದೆ ಉಣ್ಣುವವರಿಗೆ ಈ ಮಾತು ಥಟ್ಟನೆ ಅರ್ಥವಾಗುತ್ತದೆ.

ಅರ್ಥವಾಗುವುದು ಹೇಗೆಂದರೆ, ಮುದ್ದೆ ಕಾಯುವ ಪದಾರ್ಥವಲ್ಲ. ಎಸರು ಕುದಿಯಬೇಕು, ಹಿಟ್ಟು ಸುರಿಯಬೇಕು, ಬೇಯಬೇಕು, ಕೋಲು ಹಾಕಿ ಗಂಟಿಲ್ಲದಂತೆ ತಿರುವಬೇಕು. ಪಾತ್ರೆಯನ್ನು ಅದುಮಿ ಹಿಡಿದು ಬಲಗೈಯಲ್ಲಿ ಕೋಲು ಆಡಿಸುವಾಗ ಹೆಂಗಸಿನ ರಟ್ಟೆಗೆ ಬೀಳುವ ಪೆಟ್ಟು ಒನಕೆ ಹಿಡಿದ ಪೆಟ್ಟಿಗೇನೂ ಕಡಿಮೆಯಲ್ಲ. ಆಮೇಲೆ ಕೈಗೆ ತಣ್ಣೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ ತಟ್ಟೆಗಿಟ್ಟರೆ ಆವಿ ಏಳುತ್ತಿರುತ್ತದೆ. ಪಕ್ಕದಲ್ಲಿ ಹುರುಳಿಕಾಳಿನ ಸಾರೋ, ಮಸ್ಸೊಪ್ಪೋ, ಬಸ್ಸಾರೋ. ಆರಿದರೆ ಮೇಲೆ ಸಿಪ್ಪೆ ಕಟ್ಟುತ್ತದೆ, ರುಚಿ ಹೋಗುತ್ತದೆ. ಹಾಗಾಗಿ ಮುದ್ದೆಯ ಮನೆಗಳಲ್ಲಿ ಮೊದಲು ಮಂದಿ ಕೂರುತ್ತಾರೆ, ಆಮೇಲೆ ಮುದ್ದೆ ಬರುತ್ತದೆ.

ಇನ್ನು ಉಣ್ಣುವ ಬಗೆ. ಅಂಚಿನಿಂದ ಒಂದು ತುತ್ತು ಮುರಿದು, ಬೆರಳಲ್ಲೇ ಉರುಟು ಮಾಡಿ, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ನುಂಗಬೇಕು. ಹಲ್ಲಿಗೆ ತಾಗಬಾರದು. ಮೊದಲ ಸಲ ಮುದ್ದೆ ಉಣ್ಣುವ ಮಗುವಿಗೆ, ಹೊರಗಿನಿಂದ ಬಂದ ಅಳಿಯನಿಗೆ ಹೇಳುವ ಮಾತು ಒಂದೇ: ‘ಅಗೀಬ್ಯಾಡ, ನುಂಗು.’ ಅಗಿದರೆ ಅಂಟುತ್ತದೆ, ಸಪ್ಪೆಯೆನಿಸುತ್ತದೆ. ಮೂವತ್ತೆರಡು ಸಲ ಅಗಿಯಿರಿ ಎನ್ನುವ ಶಿಬಿರದ ಗುರುವಿಗೆ ಇಲ್ಲಿ ಕೆಲಸವೇ ಇಲ್ಲ.

ಹಾಗಾದರೆ ಮುದ್ದೆಯವರೆಲ್ಲ ಗಮನವಿಲ್ಲದೆ ಉಣ್ಣುವವರೇ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅನ್ನದ ಊಟದಲ್ಲಿ ಹಲ್ಲು ಮಾಡುವ ಕೆಲಸವನ್ನು ಮುದ್ದೆಯ ಊಟದಲ್ಲಿ ಬೆರಳು ಮಾಡುತ್ತದೆ. ಎಷ್ಟು ಬಿಸಿ, ಎಷ್ಟು ಮೆತ್ತಗೆ, ಗಂಟಲಿಗೆ ಎಷ್ಟು ಗಾತ್ರ ಹಿಡಿಸೀತು, ಸಾರು ಎಷ್ಟು ಹತ್ತಿದೆ ಎನ್ನುವುದನ್ನೆಲ್ಲ ಬಾಯಿಗಿಂತ ಮೊದಲು ಬೆರಳು ಅಳೆದಿರುತ್ತದೆ. ಒಂದೊಂದು ತುತ್ತನ್ನೂ ಬೇರೆಯಾಗಿ ಕಟ್ಟಬೇಕಾದ್ದರಿಂದ ಚಮಚದಲ್ಲಿ ಬಾಚಿ ತುಂಬಿಕೊಳ್ಳುವಂತಿಲ್ಲ. ಅಳತೆಯೂ ಕಣ್ಣೆದುರಿಗೇ ಇರುತ್ತದೆ. ‘ಎಷ್ಟು ಮುದ್ದೆ?’ ಎಂದು ಕೇಳಿ ಬಡಿಸುವ ಊಟ ಇದು. ಒಂದು, ಒಂದೂವರೆ, ಎರಡು. ಎಷ್ಟು ಅನ್ನ ಉಂಡೆ ಎಂದು ಲೆಕ್ಕವಿಡುವವರು ಕಡಿಮೆ. ಎಷ್ಟು ಮುದ್ದೆ ಉಂಡೆ ಎನ್ನುವುದು ಎಲ್ಲರಿಗೂ ನೆನಪಿರುತ್ತದೆ.

ವಿಜ್ಞಾನ ಇಲ್ಲಿ ಒಂದು ತಮಾಷೆಯ ಸಾಕ್ಷ್ಯ ಇಟ್ಟಿದೆ. 1986ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್’ನಲ್ಲಿ ಬಂದ ಅಧ್ಯಯನವೊಂದರಲ್ಲಿ ಅನ್ನ, ಆಲೂಗೆಡ್ಡೆ, ಮೆಕ್ಕೆಜೋಳ, ಸೇಬನ್ನು ಅಗಿದು ತಿಂದವರಿಗಿಂತ ಅಗಿಯದೆ ನುಂಗಿದವರ ರಕ್ತದಲ್ಲಿ ಸಕ್ಕರೆ ಕಡಿಮೆ ಏರಿತ್ತು. ಇದನ್ನು ಓದಿ ಮುದ್ದೆಯವರು ಮೀಸೆ ತಿರುವಬೇಕಾಗಿಲ್ಲ. ಆ ಪ್ರಯೋಗದಲ್ಲಿ ನುಂಗಿದ್ದು ಗಟ್ಟಿ ತುಣುಕುಗಳನ್ನು. ಮುದ್ದೆಯಾದರೋ ಗಿರಣಿಯಲ್ಲಿ ನುಣ್ಣಗಾಗಿ, ನೀರಿನಲ್ಲಿ ಬೆಂದು ಬಂದದ್ದು. ನಮ್ಮ ಹಲ್ಲಿನ ಕೆಲಸವನ್ನು ಬೀಸುವ ಕಲ್ಲು ಆಗಲೇ ಮುಗಿಸಿರುತ್ತದೆ. ರಾಗಿಯ ಗುಣ ಬೇರೆ, ಅದರ ಪಾಲಿಗೆ ಸಲ್ಲಬೇಕಾದದ್ದು ಸಲ್ಲಲಿ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯವರು ‘ಮುದ್ದೆ ತಾನೆ’ ಎಂದು ಎರಡರ ಮೇಲೆ ಮೂರನೆಯದಕ್ಕೆ ಕೈ ಹಾಕಿದರೆ ರಾಗಿಯೂ ಕಾಯುವುದಿಲ್ಲ.

ಜಿಲ್ಲೆ ಇರುವುದು ಮುದ್ದೆಗೂ ರೊಟ್ಟಿಗೂ ನಡುವಿನ ಗಡಿಯಲ್ಲಿ. ತೆಂಕಲಿಂದ ಮುದ್ದೆ, ಬಡಗಲಿಂದ ಜೋಳದ ರೊಟ್ಟಿ. ದುರ್ಗದ ಎಷ್ಟೋ ಮನೆಗಳಲ್ಲಿ ಎರಡೂ ಇವೆ. ಖಡಕ್ ರೊಟ್ಟಿಯನ್ನು ಯಾರೂ ನುಂಗಲಾರರು, ದವಡೆ ದುಡಿಯಲೇಬೇಕು. ಮುದ್ದೆ ನುಂಗಿದ ಬಾಯಿಯೂ ಸುಮ್ಮನಿರುವುದಿಲ್ಲ. ಹೊಳಲ್ಕೆರೆ, ಭೀಮಸಮುದ್ರ ಅಡಿಕೆಯ ಸೀಮೆಗಳು. ಐದು ನಿಮಿಷದಲ್ಲಿ ಊಟ ಮುಗಿಸಿದವರು ಎಲೆ ಅಡಿಕೆಯನ್ನು ಅರ್ಧ ಗಂಟೆ ಅಗಿಯುತ್ತ ಕಟ್ಟೆಯ ಮೇಲೆ ಕೂರುತ್ತಾರೆ. ಅಗಿಯಬೇಕಾದ್ದನ್ನು ಬಿಟ್ಟು ಅಗಿಯಬಾರದ್ದನ್ನು ಅಗಿದಂತಾಯಿತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆಯ ದರವೇ ಮದುವೆ ಮುಂಜಿಯ ಗಾತ್ರ ನಿರ್ಧರಿಸುವ ಊರುಗಳಲ್ಲಿ ಈ ಮಾತನ್ನು ಜೋರಾಗಿ ಆಡುವುದು ಕಷ್ಟ.

ನಿಧಾನವಾಗಿ ಉಂಡರೆ ನಿಜಕ್ಕೂ ಏನಾಗುತ್ತದೆ? ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪಲು ಹೊತ್ತು ಬೇಕು. ಕರುಳಿನಿಂದ ಹೊರಡುವ ಜಿಎಲ್‌ಪಿ-1, ಪಿವೈವೈ ಮುಂತಾದ ಹಾರ್ಮೋನುಗಳು ಆ ಸುದ್ದಿಯ ಓಲೆಕಾರರು. ಈಚೆಗೆ ಬೊಜ್ಜು ಇಳಿಸಲು ಬಂದಿರುವ ದುಬಾರಿ ಇಂಜೆಕ್ಷನ್ನುಗಳು ಅನುಕರಿಸುವುದು ಈ ಜಿಎಲ್‌ಪಿ-1ನ್ನೇ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 17 ಮಂದಿ ಆರೋಗ್ಯವಂತ ಗಂಡಸರಿಗೆ 300 ಮಿಲಿಲೀಟರ್ ಐಸ್‌ಕ್ರೀಂ ಕೊಟ್ಟರು. ಒಂದು ದಿನ ಐದು ನಿಮಿಷದಲ್ಲಿ ಮುಗಿಸಬೇಕು, ಇನ್ನೊಂದು ದಿನ ಅರ್ಧ ಗಂಟೆ ತೆಗೆದುಕೊಳ್ಳಬೇಕು. ಅರ್ಧ ಗಂಟೆಯ ದಿನ ಈ ಎರಡೂ ಹಾರ್ಮೋನುಗಳು ಹೆಚ್ಚು ಏರಿದ್ದವು. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ 30 ಮಂದಿ ಹೆಂಗಸರು ಗಬಗಬನೆ ಉಂಡ ದಿನ ಒಂಬತ್ತು ನಿಮಿಷದೊಳಗೆ ಸುಮಾರು 646 ಕ್ಯಾಲರಿ, ನಿಧಾನಕ್ಕೆ ಉಂಡ ದಿನ 29 ನಿಮಿಷದಲ್ಲಿ 579 ಕ್ಯಾಲರಿ ತೆಗೆದುಕೊಂಡರು. ನಿಧಾನದ ದಿನ ನೀರನ್ನೂ ಹೆಚ್ಚು ಕುಡಿದಿದ್ದರು ಎಂಬುದನ್ನು ಮರೆಯಬಾರದು.

ಜಪಾನಿನಿಂದ ಬಂದ ಲೆಕ್ಕ ಇನ್ನೂ ದೊಡ್ಡದು. ಸಕ್ಕರೆ ಕಾಯಿಲೆಯಿದ್ದ 59,717 ಮಂದಿಯ ವಿಮಾ ದಾಖಲೆಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ವರದಿಯಂತೆ, ಬೇಗ ಉಣ್ಣುವವರಿಗಿಂತ ನಿಧಾನಕ್ಕೆ ಉಣ್ಣುವವರಲ್ಲಿ ಬೊಜ್ಜು ಕಡಿಮೆ. ಬೇಗವೋ ನಿಧಾನವೋ ಎಂದು ಹೇಳಿದವರು ಉಂಡವರೇ ಆದ್ದರಿಂದ ಅದನ್ನು ಅಷ್ಟರಮಟ್ಟಿಗೇ ನಂಬಬೇಕು. 2014ರಲ್ಲಿ 22 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರು, ನಿಧಾನವಾಗಿ ಉಂಡರೆ ಒಳಗೆ ಹೋಗುವ ಪ್ರಮಾಣ ಇಳಿಯುತ್ತದೆ, ಆದರೆ ಹಸಿವಿನ ಅನುಭವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು. ಇದರಲ್ಲಿ ಪವಾಡವೇನೂ ಇಲ್ಲ. ಭಾರತದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್ ಬೆಂಬಲದ ಸಮೀಕ್ಷೆ 2023ರಲ್ಲಿ ಹೇಳಿದ ಮೇಲೆ, ಪವಾಡವಲ್ಲದ ಸಣ್ಣ ಉಪಾಯಕ್ಕೂ ಬೆಲೆ ಬಂದಿದೆ.

ಸಣ್ಣ ಉಪಾಯವನ್ನು ಸಂಸ್ಥೆಯಾಗಿ ಕಟ್ಟಿದವರು ಈ ಜಿಲ್ಲೆಯಲ್ಲೇ ಇದ್ದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಜೋಳಿಗೆ ಹಿಡಿದು ಬೇಡಿ ತಂದು ಆಶ್ರಮ ನಡೆಸಿದವರು. ಯೋಗವನ್ನೂ ಆಯುರ್ವೇದವನ್ನೂ ಒಟ್ಟಿಗೆ ಕಲಿಸಿದವರು. 1996ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮಲ್ಲಾಡಿಹಳ್ಳಿಗೆ ಬಂದು ಆಸನ ಕಲಿತು, ಪಥ್ಯ ಹಿಡಿದು ಹೋದವರ ತಲೆಮಾರುಗಳೇ ಕಳೆದಿದ್ದವು. ನಗರದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಈಗ ಕೇಳುವ ಉಪದೇಶವನ್ನು ಬೇಡಿ ತಂದ ಅಕ್ಕಿಯ ಊಟದ ಜೊತೆ ಹೇಳಿಕೊಟ್ಟ ಊರು ಅದು.

ಮಠಗಳ ಮಾತೂ ಬರಬೇಕು. ಸಿರಿಗೆರೆಯ ತರಳಬಾಳು ಬೃಹನ್ಮಠ ಚಿತ್ರದುರ್ಗ ತಾಲ್ಲೂಕಿನಲ್ಲಿದೆ. ಅದರ ಶಾಖೆಯಾದ ಸಾಣೇಹಳ್ಳಿ ಹೊಸದುರ್ಗ ತಾಲ್ಲೂಕಿನಲ್ಲಿದೆ. ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ರಂಗತಂಡ ನಾಡೆಲ್ಲ ಸುತ್ತುತ್ತದೆ. ನವೆಂಬರಿನ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳಿಂದ ಜನ ಬಂದು, ಉಂಡು, ನಾಟಕ ನೋಡಿ ಹೋಗುತ್ತಾರೆ. ಇಂಥ ದಾಸೋಹದ ಊಟದಲ್ಲಿ ತಟ್ಟೆಗೆ ಬಿದ್ದದ್ದು ಆಹಾರವಲ್ಲ, ಪ್ರಸಾದ. ಈ ಒಂದು ಪದವೇ ವೇಗವನ್ನು ಬದಲಿಸಿಬಿಡುತ್ತದೆ. ಪ್ರಸಾದವನ್ನು ಚೆಲ್ಲುವಂತಿಲ್ಲ, ಬಿಡುವಂತಿಲ್ಲ. ಹಾಗಾಗಿ ಕೇಳಿ ಹಾಕಿಸಿಕೊಳ್ಳಬೇಕು, ಹಾಕಿಸಿಕೊಳ್ಳುವ ಮೊದಲು ಹೊಟ್ಟೆಯನ್ನು ಕೇಳಬೇಕು. ಲಿಂಗಾಯತ ಮನೆಗಳ ಹಿರಿಯರಲ್ಲಿ ಉಂಡ ತಟ್ಟೆಗೆ ನೀರು ಹಾಕಿ ಬೆರಳಾಡಿಸಿ ಕುಡಿದುಬಿಡುವ ಪದ್ಧತಿ ಇನ್ನೂ ಇದೆ. ಹೊಸ ಸೊಸೆಯರು ಮುಖ ಸಿಂಡರಿಸುವುದೂ ಇದೆ. ಒಂದು ಅಗುಳನ್ನೂ ಲೆಕ್ಕಕ್ಕೆ ಇಟ್ಟುಕೊಂಡ ಊಟಕ್ಕೆ ಒಣದ್ರಾಕ್ಷಿಯ ತರಬೇತಿ ಬೇಕಾಗದು.

ಈ ಲೆಕ್ಕ ಭಕ್ತಿಯಿಂದ ಮಾತ್ರ ಬಂದದ್ದೂ ಅಲ್ಲ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಇದು. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರನ್ನು ಕಳೆದುಕೊಂಡಿತು. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟಲು ಶುರುಮಾಡಿದ್ದು ಅದಾಗಿ ಇಪ್ಪತ್ತು ವರ್ಷಗಳ ಮೇಲೆ, 1898ರಲ್ಲಿ. ಕಟ್ಟಿದ ಅಣೆಕಟ್ಟೂ ತುಂಬಬೇಕಲ್ಲ: 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಅಷ್ಟು ವರ್ಷ ನೀರಿಗಾಗಿ ಆಕಾಶ ನೋಡಿದ ಜನಕ್ಕೆ ಅಗುಳಿನ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಹಿರಿಯೂರು ಇವತ್ತು ಅವಸರದ ಊಟದ ತವರು. ಬೆಂಗಳೂರು ಪುಣೆ ಹೆದ್ದಾರಿ, ಹಿಂದಿನ ನಾಲ್ಕು, ಈಗಿನ 48, ಊರಿನ ಪಕ್ಕದಲ್ಲೇ ಹಾಯುತ್ತದೆ. ಬಳ್ಳಾರಿ ಕಡೆಯಿಂದ ಹುಳಿಯಾರಿನ ಕಡೆಗೆ ಹೋಗುವ ಹೆದ್ದಾರಿಯೂ ಇಲ್ಲೇ ಅದನ್ನು ಕತ್ತರಿಸುತ್ತದೆ. ಬಸ್ಸು ಹೋಟೆಲ್ಲಿನ ಮುಂದೆ ನಿಂತಾಗ ಕಂಡಕ್ಟರ್ ಕೂಗುವ ಮಾತು ಕನ್ನಡದ ಅತ್ಯಂತ ಜನಪ್ರಿಯ ಭೋಜನ ವಿಧಿಯಾಗಿರಬಹುದು: ‘ಹತ್ತು ನಿಮಿಷ ಟೈಮ್ ಐತಿ, ಊಟ, ತಿಂಡಿ, ಕಾಫಿ ಮಾಡೋರು ಮಾಡ್ಕೋಬಹುದು.’ ಹತ್ತು ನಿಮಿಷದಲ್ಲಿ ಶೌಚಾಲಯದ ಸಾಲು, ಟೋಕನ್ನಿನ ಸಾಲು, ಆಮೇಲೆ ಇಡ್ಲಿ ವಡೆ. ಕಣ್ಣು ತಟ್ಟೆಯ ಮೇಲಿಲ್ಲ, ಬಸ್ಸಿನ ಚಕ್ರದ ಮೇಲೆ. ಡ್ರೈವರ್ ಒಳಗಿನ ಮೇಜಿನಲ್ಲಿ ಕೂತು ಉಣ್ಣುತ್ತಿದ್ದಾನೆಂದು ತಿಳಿದವರು ಮಾತ್ರ ನಿಶ್ಚಿಂತೆಯಿಂದ ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತಾರೆ. ಹಳೇ ಪ್ರಯಾಣಿಕರ ಗುಟ್ಟು ಇದು.

ಅವಸರದ ಊಟವನ್ನೆಲ್ಲ ಅಮೆರಿಕದವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕರ್ನಾಟಕಕ್ಕೆ ತನ್ನದೇ ಆದ ಆವಿಷ್ಕಾರವಿದೆ: 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದಾಗ ನಿಂತು ತಿನ್ನುವ ಹೋಟೆಲ್ಲಿನ ಅಚ್ಚು ಸಿದ್ಧವಾಯಿತು. ಕುರ್ಚಿ ಇಲ್ಲ, ಸಪ್ಲಯರ್ ಇಲ್ಲ, ಬೆಲೆ ಕಡಿಮೆ. ಆ ಅಚ್ಚಿನಿಂದ ಎದ್ದ ಹೋಟೆಲ್ಲುಗಳು ಈಗ ದುರ್ಗದಲ್ಲೂ ಇವೆ, ಹೊಸದುರ್ಗದಲ್ಲೂ ಇವೆ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳಲ್ಲೂ ಐದು ರೂಪಾಯಿಯ ತಿಂಡಿ, ಹತ್ತು ರೂಪಾಯಿಯ ಊಟ ನಿಂತೇ. ನಿಂತು ತಿನ್ನುವುದನ್ನು ಹೀಗಳೆಯುವವರು ಒಂದು ಸಂಗತಿ ಗಮನಿಸಬೇಕು. ಪಂಕ್ತಿಯಲ್ಲಿ ಕೂತು ನಿಧಾನಕ್ಕೆ ಉಣ್ಣುವ ಸುಖ ಎಲ್ಲ ಜಾತಿಯವರಿಗೂ ಸಿಕ್ಕಿದ್ದಲ್ಲ. ಪಂಕ್ತಿಭೇದದ ನಾಡಿನಲ್ಲಿ ಟೋಕನ್ ಹಿಡಿದು ಭುಜಕ್ಕೆ ಭುಜ ತಾಗಿಸಿ ನಿಂತು ಉಣ್ಣುವ ಮೇಜು ಸಣ್ಣ ಸಂಗತಿಯಲ್ಲ.

ಪಂಕ್ತಿಯ ನಿಧಾನವೂ ಈಗ ಉಳಿದಿಲ್ಲ. ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಕೂತವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಪಾಯಸ ಬರುವ ಹೊತ್ತಿಗೆ ಅವರ ಉಸಿರು ಕತ್ತಿಗೆ ತಾಗುತ್ತಿರುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ ಎಂದು ಒಂದಾದ ಮೇಲೊಂದು ಬಡಿಸುವ ಕ್ರಮವೇ ಹಿಂದೆ ಊಟದ ತಾಳ ಹಿಡಿಯುತ್ತಿತ್ತು. ಬಡಿಸುವವರು ಬರುವವರೆಗೆ ಕಾಯಲೇಬೇಕಿತ್ತು. ಈಗ ಬಡಿಸುವವರೇ ಓಡುತ್ತಾರೆ, ಸಾರಿನ ಬಕೆಟ್ಟಿನ ಹಿಂದೆಯೇ ಮಜ್ಜಿಗೆಯ ಬಕೆಟ್ಟು.

ಮಕ್ಕಳ ಕಡೆ ಬರೋಣ. 2002ರಲ್ಲಿ ಶುರುವಾದ ಅಕ್ಷರ ದಾಸೋಹ ಸರ್ಕಾರಿ ಶಾಲೆಯ ಮಧ್ಯಾಹ್ನವನ್ನೇ ಬದಲಿಸಿತು. ಸಾಲಾಗಿ ಕೂತು, ಎಲ್ಲರಿಗೂ ಬಡಿಸಿದ ಮೇಲೆ ಶ್ಲೋಕವನ್ನೋ ವಚನವನ್ನೋ ಹೇಳಿ ಉಣ್ಣುವ ಮಗು, ಆ ಹೊತ್ತಿನಲ್ಲಿ ಟಿ.ವಿ.ಯ ಮುಂದೆ ಇಲ್ಲ. ಅದೇ ಮಗು ರಾತ್ರಿ ಮನೆಯಲ್ಲಿ ಮೊಬೈಲು ಕೊಡದೆ ಬಾಯಿ ತೆರೆಯುವುದಿಲ್ಲ ಎಂದು ತಾಯಂದಿರು ದೂರುತ್ತಾರೆ. 2013ರಲ್ಲಿ 24 ಅಧ್ಯಯನಗಳನ್ನು ಪರಿಶೀಲಿಸಿದ ವರದಿಯೊಂದು ಗಮನ ಬೇರೆಡೆಯಿದ್ದಾಗ ಆ ಹೊತ್ತಿನ ಊಟವೂ ಹೆಚ್ಚುತ್ತದೆ, ಮುಂದಿನ ಹೊತ್ತಿನದೂ ಹೆಚ್ಚುತ್ತದೆ ಎಂದಿದೆ. ಉಂಡ ನೆನಪೇ ಮಸುಕಾಗುವುದರಿಂದ. ಮುದ್ದೆ ಉಣ್ಣುವಾಗ ಬಲಗೈ ಸಾರಿನಲ್ಲಿರುವುದರಿಂದ ಮೊಬೈಲು ಮುಟ್ಟಲಾಗದು ಎಂದು ವಾದಿಸಬಹುದು. ಎಡಗೈ ಇದೆಯಲ್ಲ. ಹೆಬ್ಬೆರಳೊಂದರಲ್ಲೇ ರೀಲ್ಸ್ ತಳ್ಳುವ ಕಲೆಯನ್ನು ಹಳ್ಳಿಯ ಹುಡುಗರು ಯಾವ ಶಿಬಿರಕ್ಕೂ ಹೋಗದೆ ಕಲಿತಿದ್ದಾರೆ.

ಈ ಇಡೀ ಚರ್ಚೆಯಲ್ಲಿ ಕಾಣದಂತೆ ನಿಂತಿರುವವಳು ಬಡಿಸುವವಳು. ‘ಊಟಕ್ಕೆ ಅರ್ಧ ಗಂಟೆ ಮೀಸಲಿಡಿ’ ಎಂಬ ಸಲಹೆ ಯಾರಿಗೆ? ಹೊಲಕ್ಕೆ ಬುತ್ತಿ ಹೊತ್ತು, ಎಲ್ಲರಿಗೂ ಹಾಕಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತೇ ಬಾಯಿಗೆ ಹಾಕಿಕೊಳ್ಳುವವಳಿಗೋ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ಆ ಇನ್ನೂರು ನಿಮಿಷಗಳ ಅಂತರದೊಳಗೆ ಗಂಡಸರ ನಿಧಾನದ ಊಟ ಅಡಗಿದೆ. ಕೋಟೆಯ ಕಥೆಯೂ ಹೀಗೆಯೇ. ಮುದ್ದಹನುಮ ನೆಮ್ಮದಿಯಾಗಿ ಉಣ್ಣಲೆಂದು ಇನ್ನೊಬ್ಬರು ಕಿಂಡಿಯ ಬಳಿ ನಿಂತಿರಬೇಕಾಯಿತು. ಅವನು ಊಟ ಮುಗಿಸಿ ಬಂದಾಗ ಹೆಂಡತಿ ರಕ್ತಸಿಕ್ತ ಒನಕೆ ಹಿಡಿದು ನಿಂತಿದ್ದಳಂತೆ. ಅಂದು ಅವಳು ಉಂಡಿದ್ದಳೇ ಎಂದು ಕೇಳಿದವರಿಲ್ಲ.

ಕೂಲಿಯವರ ಮಾತೂ ಇಷ್ಟೇ. 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ಮೀರಿ ಒಂದೇ ಸಮ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು, 150ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಊಟದ ಕೋಣೆ ಇರಬೇಕು ಎಂದಿತು. ಆ ಅರ್ಧ ಗಂಟೆಯಲ್ಲಿ ಕೈ ತೊಳೆಯುವ ಸಾಲು, ಡಬ್ಬಿ ತೆರೆಯುವುದು, ಮಗುವಿಗೆ ಫೋನು ಎಲ್ಲ ಕಳೆದು ಉಳಿದದ್ದು ತುತ್ತಿಗೆ. ಗಮನವಿಟ್ಟು ಉಣ್ಣುವುದು ಮನಸ್ಸಿನ ವಿಷಯ ಎನ್ನುವವರು ಗಡಿಯಾರದ ವಿಷಯ ಎತ್ತುವುದೇ ಇಲ್ಲ. ಈ ಲೇಖನದ ತಕರಾರು ಇರುವುದು ಅಲ್ಲಿಯೇ: ನಿಧಾನ ಎನ್ನುವುದು ಅಭ್ಯಾಸಕ್ಕಿಂತ ಮೊದಲು ಬಿಡುವು. ಬಿಡುವು ಯಾರದ್ದು, ಅದನ್ನು ಯಾರ ದುಡಿಮೆ ಕಾಯುತ್ತಿದೆ ಎಂದು ನೋಡದೆ ಅಗಿಯುವ ಲೆಕ್ಕ ಹೇಳಿಕೊಡುವುದು ಸುಲಭ.

ತಿನ್ನುವ ವಸ್ತುವೇ ವೇಗವನ್ನು ನಿರ್ಧರಿಸುವುದೂ ಉಂಟು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸಿನ ಮೇಲೆ, ಎರಡು ವಾರ ಅಡುಗೆಮನೆಯ ಸಾದಾ ತಿನಿಸಿನ ಮೇಲೆ ಇಟ್ಟು ನೋಡಿದರು. ಬೇಕಾದಷ್ಟು ತಿನ್ನಬಹುದಿತ್ತು. ಸಿದ್ಧ ತಿನಿಸಿನ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ಹೋಯಿತು, ತಿನ್ನುವ ವೇಗವೂ ಹೆಚ್ಚಿತ್ತು. ಮೆತ್ತಗಿನದು ಬೇಗ ಜಾರುತ್ತದೆ. ನಮ್ಮ ಸಿರಿಧಾನ್ಯವೂ ಈಗ ಇದೇ ದಾರಿ ಹಿಡಿದಿದೆ. ಹೊಸದುರ್ಗದ ಕಡೆ ಸಾವೆ ಬೆಳೆಯುತ್ತಿದ್ದ ಹೊಲಗಳಿಗೆ 2018ರ ರಾಷ್ಟ್ರೀಯ ಸಿರಿಧಾನ್ಯ ವರ್ಷ, 2023ರ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಎರಡೂ ಹೊಸ ಮರ್ಯಾದೆ ತಂದವು. ಸಿರಿಧಾನ್ಯಗಳ ಪರ ಪ್ರಚಾರ ಮಾಡಿದ ಮೈಸೂರಿನ ಖಾದರ್ ವಲಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಡವರ ಧಾನ್ಯ ಅಂಗಡಿಯ ಎತ್ತರದ ಕಪಾಟಿಗೆ ಏರಿತು. ಅಲ್ಲಿಗೆ ಏರಿದ ಮೇಲೆ ಸಾವೆಯ ನೂಡಲ್ಸು, ನವಣೆಯ ಬಿಸ್ಕತ್ತು, ರಾಗಿಯ ಫ್ಲೇಕ್ಸು ಬಂದವು. ನಿಧಾನದ ಧಾನ್ಯಕ್ಕೆ ಅವಸರದ ವೇಷ.

ಜಿಲ್ಲೆಯಲ್ಲಿ ಇನ್ನೊಂದು ಬೆಳೆ ಇದೆ, ಯಾವ ವರ್ಷದ ಗೌರವವೂ ಇಲ್ಲದ್ದು. ಶೇಂಗಾ, ದಕ್ಷಿಣದ ಬಾಯಲ್ಲಿ ಕಡಲೆಕಾಯಿ. ಹಿರಿಯೂರು, ಚಳ್ಳಕೆರೆಯ ಕೆಂಪು ನೆಲದಲ್ಲಿ ಮುಂಗಾರಿನಲ್ಲಿ ಬಿತ್ತಿ, ಮಳೆ ಕೈಕೊಡದಿದ್ದರೆ ಕಿತ್ತು, ಬಣವೆ ಹಾಕಿ, ಕಾಯಿ ಬಿಡಿಸುವ ಬೆಳೆ. ಅಮೆರಿಕದಲ್ಲಿ 2011ರಲ್ಲಿ ಪಿಸ್ತಾದ ಮೇಲೆ ಒಂದು ಪ್ರಯೋಗ ನಡೆಯಿತು. ಸಿಪ್ಪೆ ಸಮೇತ ಕೊಟ್ಟಾಗ ಜನ ತಾವೇ ಸುಲಿದು ತಿಂದು, ಸುಲಿದು ಕೊಟ್ಟದ್ದನ್ನು ತಿಂದವರಿಗಿಂತ ಸುಮಾರು ಶೇಕಡ 41ರಷ್ಟು ಕಡಿಮೆ ಕ್ಯಾಲರಿಗೇ ತೃಪ್ತರಾದರು. ಸುಲಿಯಲು ಹೊತ್ತು ಹಿಡಿಯುತ್ತದೆ, ಎದುರಿಗೆ ಬಿದ್ದ ಸಿಪ್ಪೆಯ ರಾಶಿ ತಿಂದದ್ದೆಷ್ಟೆಂದು ತೋರಿಸುತ್ತದೆ.

ಕಾಯಿ ಕಿತ್ತ ದಿನ ಸಂಜೆ, ಹೊಲದಂಚಿನಲ್ಲಿ ಒಣಗಿದ ಬಳ್ಳಿಗೇ ಬೆಂಕಿ ಹಚ್ಚಿ ಹಸಿ ಕಾಯಿ ಸುಟ್ಟುಕೊಳ್ಳುವ ರೂಢಿ ಇಲ್ಲಿದೆ. ಗಂಡಸರು, ಹೆಂಗಸರು, ಕೂಲಿಯವರು, ಹೊಲದವರು ಬೂದಿಯ ಸುತ್ತ ಕುಕ್ಕರಗಾಲಲ್ಲಿ ಕೂರುತ್ತಾರೆ. ಯಾರೂ ಬಡಿಸುವುದಿಲ್ಲ. ಕೈ ಮಸಿಯಾಗಿರುವುದರಿಂದ ಮೊಬೈಲು ಅಂಗಿಯ ಜೇಬಿನಲ್ಲೇ ಉಳಿಯುತ್ತದೆ. ಒಂದೊಂದೇ ಕಾಯಿ ಬೂದಿಯಿಂದ ಹೆಕ್ಕಿ, ಊದಿ, ಒಡೆದು, ಜೊತೆಗೊಂದು ಚೂರು ಬೆಲ್ಲ ಕಚ್ಚಿಕೊಂಡು, ಈ ಸಲ ಕ್ವಿಂಟಾಲಿಗೆ ಎಷ್ಟು ಸಿಕ್ಕೀತು ಎಂಬ ಮಾತು. ಕತ್ತಲಾಗಿ ಕಾಯಿ ಕಾಣದಾದ ಮೇಲೂ ಕೈಗಳು ಬೂದಿಯಲ್ಲಿ ತಡಕುತ್ತಿರುತ್ತವೆ.